ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು

ಲೋಕದಲ್ಲಿ ಗೌರವವೆಂಬುದು ಎರಡು ವಿಧವಾಗಿ ಪ್ರಾಪ್ತವಾಗುತ್ತದೆ. ವಿದ್ಯೆಯಿಂದಲೂ ಪರಿಶ್ರಮದಿಂದಲೂ ಪದವಿಗಳನ್ನೂ ಬಿರುದುಗಳನ್ನೂ ಸಂಪಾದಿಸಿ ಮನುಷ್ಯನು ತಾನು ಗೌರವಕ್ಕೆ ಪಾತ್ರನಾಗುವುದು ಒಂದು ವಿಧ. ತನಗೆ ದೊರೆತ ಸ್ಥಾನಮಾನಗಳನ್ನು ಸಾಧನವಾಗಿ ಬಳಸಿಕೊಂಡು, ಆದರವಿಲ್ಲದೆ ಮೂಲೆಗೆ ಬಿದ್ದಿದ್ದ ಸದ್ವಸ್ತುವೊಂದನ್ನು ಎತ್ತಿ ಪೀಠದ ಮೇಲೆ ಕುಳ್ಳಿರಿಸುವುದು ಇನ್ನೊಂದು ವಿಧ. ಮೊದಲನೆಯದು ಅನೇಕರಿಗೆ ಸಾಧ್ಯ. ಎರಡನೆಯದು ವಿರಳರಾದ ಪುಣ್ಯಪುರುಷರಿಗೆ ಮಾತ್ರ ಸಾಧ್ಯ. ಇಂಗ್ಲಿಷ್ ಭಾಷೆಯ ಪ್ರಾಧ್ಯಾಪಕರಾಗಿ ಅನ್ನವನ್ನುಂಡು, ಕನ್ನಡ ತಾಯಿಯ ಸೇವೆಗಾಗಿ ಆಯುಸ್ಸನ್ನು ಸವೆಯಿಸಿದ ಬಿ. ಎಂ. ಶ್ರೀಕಂಠಯ್ಯನವರು ಈ ಎರಡನೆಯ ವರ್ಗಕ್ಕೆ ಸೇರಿದವರು. ‘ಶ್ರೀ’ ಎಂಬ ಕಾವ್ಯನಾಮದಿಂದ ನಾಡಿಗೆಲ್ಲ ಪರಿಚಿತರಾದ ಈ ಮಹನೀಯರ ಜೀವಿತವು ವಿದ್ಯಾವಂತರಾದ ಎಲ್ಲ ಗೃಹಸ್ಥರೂ ಮನನ ಮಾಡತಕ್ಕ ವಿಷಯವಾಗಿದೆ.

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯು ತೆಂಗಿನ ತೋಟಗಳಿಗೆ ಹೆಸರಾದುದು. ಕಲ್ಪತರು ನಾಡೆಂದು ಜನರು ಪ್ರೀತಿಯಿಂದ ಕರೆಯುವ ಈ ಪ್ರಾಂತದಲ್ಲಿ, ತುರುವೇಕೆರೆ ತಾಲ್ಲೂಕಿಗೆ ಸೇರಿದ ಸಂಪಿಗೆ ಎಂಬ ಗ್ರಾಮದಲ್ಲಿ, 1884ನೆಯ ಇಸವಿ ಜನವರಿ 3ರಂದು ಶ್ರೀಯವರು ಜನಿಸಿದರು. ಸಂಪಿಗೆಯು ಅವರ ತಾಯಿಯ ತವರೂರು. ವಂಶದ ಮೂಲಸ್ಥಾನವು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲಿ ವೃತ್ತಿಯನ್ನು ನಡೆಸುತ್ತಿದ್ದರು, ತಾಯಿ ಭಾಗೀರಥಮ್ಮನವರು. ಬೆಳ್ಳೂರಿನ ಹೆಸರೂ ತಂದೆಯ ಹೆಸರೂ ಕೂಡಿ ಬಿ. ಎಂ. ಎಂಬ ಎರಡಕ್ಷರಗಳಾಗಿ ಅವರ ಹೆಸರಿನ ಮುಂದೆ ನಿಂತುವು.

ಶ್ರೀರಂಗಪಟ್ಟಣದಲ್ಲಿ ಬಾಲ್ಯದ ವಿದ್ಯಾಭ್ಯಾಸವನ್ನು ಪೂರೈಸಿ, ಮೈಸೂರಿನಲ್ಲಿಯೂ ಅನಂತರ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಓದಿ ಅವರು ಬಿ.ಎ. ಪದವಿಯನ್ನು ಪಡೆದರು. ಆಗ ಮೈಸೂರು ಸಂಸ್ಥಾನದಲ್ಲಿ ಪ್ರತ್ಯೇಕ ವಿಶ್ವವಿದ್ಯಾನಿಲಯವಿರಲಿಲ್ಲ. ಉನ್ನತ ಪದವಿಗಳನ್ನು ಬಯಸುವವರು ಮದರಾಸನ್ನೇ ಆಶ್ರಯಿಸಬೇಕಾಗಿತ್ತು. ಶ್ರೀಯವರೂ ಮದರಾಸಿನಲ್ಲಿ ನ್ಯಾಯಶಾಸ್ತ್ರದ ಬಿ.ಎಲ್. ಪದವಿಯನ್ನೂ ಎಂ.ಎ. ಪದವಿಯನ್ನೂ ಸಂಪಾದಿಸಿಕೊಂಡು ಬಂದರು. ತಂದೆಯ ವೃತ್ತಿಯನ್ನು ಹಿಡಿದಿದ್ದರೆ ಧನಾರ್ಜನೆಗೆ ಕೊರತೆಯಿರುತ್ತಿರಲಿಲ್ಲ. ಆದರೆ ಅವರ ಮನಸ್ಸು ಪಾಠಪ್ರವಚನಗಳ ಕಡೆಗೆ ಒಲಿದುದರಿಂದ, 1909ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿಗೆ ಇಂಗ್ಲಿಷ್ ಅಧ್ಯಾಪಕರಾಗಿ ಸೇರಿದರು. ಕ್ರಮೇಣ ಪ್ರಾಧ್ಯಾಪಕ ಪದವಿಗೇರಿ, ಅವರ ಪಾಠವನ್ನು ಕೇಳುವುದೇ ಒಂದು ಭಾಗ್ಯವೆಂದು ವಿದ್ಯಾರ್ಥಿಗಳು ಭಾವಿಸುವಂತೆ ಹೆಸರಾದರು.

ಅಂದಿನ ಕಾಲದಲ್ಲಿ ಕನ್ನಡದ ಸ್ಥಿತಿಯು ಹೇಗಿತ್ತೆಂಬುದನ್ನು ಈಗಿನವರು ಊಹಿಸುವುದು ಕಷ್ಟ. ಕಾಲೇಜುಗಳಲ್ಲಿ ಸಕಲ ಶಾಸ್ತ್ರಗಳೂ ಇಂಗ್ಲಿಷಿನಲ್ಲಿಯೇ ಬೋಧಿಸಲ್ಪಡುತ್ತಿದ್ದುವು. ಕನ್ನಡವನ್ನು ಕಲಿಸುವ ಪಂಡಿತರಿಗೆ ಸಂಬಳವೂ ಕಡಿಮೆ, ಸ್ಥಾನವೂ ಕೆಳಗಿನದು. ಇಂಗ್ಲಿಷನ್ನು ಕಲಿತ ತರುಣರು ಸಭೆಯಲ್ಲಿ ಕನ್ನಡದಲ್ಲಿ ಮಾತನಾಡಲು ಸಂಕೋಚಪಡುತ್ತಿದ್ದರು. ಹಳೆಯ ಕಾವ್ಯಗಳನ್ನು ಬಲ್ಲ ವಿದ್ವಾಂಸರಿಗೆ ಹೊಸ ಲೋಕದ ಪರಿಚಯವಿರಲಿಲ್ಲ. ಹೊಸ ಲೋಕವನ್ನು ಕಂಡವರಿಗೆ ಹಳೆಯ ಕಾವ್ಯಗಳಲ್ಲಿ ಆದರವಿರಲಿಲ್ಲ. ಮನೆಯಲ್ಲಿ ತಾಯಿಯು ಆಡುವ ಮಾತಿಗೂ ವಿದ್ಯಾಶಾಲೆಯಲ್ಲಿ ಪದವಿಯನ್ನು ತರುವ ಮಾತಿಗೂ ನಡುವೆ ಗೋಡೆ ಎದ್ದಿತ್ತು. ಈ ಗೋಡೆಯನ್ನು ಕೆಡಹುವುದೇ ತಮ್ಮ ಜೀವಿತದ ಕಾರ್ಯವೆಂದು ಶ್ರೀಯವರು ನಿಶ್ಚಯಿಸಿಕೊಂಡರು.

ಆ ನಿಶ್ಚಯವು ಲೋಕಕ್ಕೆ ಪ್ರಕಟವಾದುದು ಧಾರವಾಡದಲ್ಲಿ. 1890ರಲ್ಲಿ ಸ್ಥಾಪಿತವಾಗಿದ್ದ ಅಲ್ಲಿನ ಕರ್ನಾಟಕ ವಿದ್ಯಾವರ್ಧಕ ಸಂಘದ ಆಶ್ರಯದಲ್ಲಿ, 1911ರಲ್ಲಿ ಅವರು ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದರು. ಆಗ ಅವರಿಗೆ ವಯಸ್ಸು 27. ಧಾರವಾಡವು ಅಂದು ಮುಂಬಯಿ ಆಧಿಪತ್ಯಕ್ಕೆ ಒಳಪಟ್ಟಿದ್ದು, ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡವು ಉಸಿರು ಹಿಡಿದು ನಿಂತಿದ್ದ ಕಾಲವದು. ಮೈಸೂರಿನಿಂದ ಬಂದ ಇಂಗ್ಲಿಷ್ ಅಧ್ಯಾಪಕನೊಬ್ಬನು ಕನ್ನಡದ ಏಳಿಗೆಯ ಮಾರ್ಗವನ್ನು ಚರ್ಚಿಸಿದುದು ಕೇಳಿದವರಿಗೆ ಸೋಜಿಗವನ್ನೂ ಧೈರ್ಯವನ್ನೂ ಉಂಟುಮಾಡಿತು. ಹಳಗನ್ನಡದ ಸಂಪತ್ತನ್ನು ಬಿಡದೆ, ಸಂಸ್ಕೃತದ ಸಾರವನ್ನೂ ಪಾಶ್ಚಾತ್ಯ ಸಾಹಿತ್ಯದ ಸಾರವನ್ನೂ ಹೀರಿಕೊಂಡು, ಜನರಾಡುವ ಜೀವಂತ ಭಾಷೆಯಲ್ಲಿ ಸಾಹಿತ್ಯವು ಹುಟ್ಟಬೇಕೆಂಬುದು ಅವರು ಜೀವಮಾನವೆಲ್ಲ ಹಿಡಿದು ನಡೆದ ಮಾರ್ಗ.

ಮಾತಿನಲ್ಲಿ ಹೇಳಿದುದನ್ನು ಕೃತಿಯಲ್ಲಿ ತೋರಿಸದಿದ್ದರೆ ಉಪದೇಶವು ನಿಷ್ಫಲ. ಶ್ರೀಯವರು ಇಂಗ್ಲಿಷಿನ ಕವನಗಳನ್ನು ಆರಿಸಿಕೊಂಡು ಅವುಗಳ ಭಾವವನ್ನು ಕನ್ನಡದ ನಡೆಯಲ್ಲಿ ಹಾಡತೊಡಗಿದರು. ಇಂತಹ ಹೊಸ ಬರಹಗಳಿಗೆ ಆಗ ಅನುಕೂಲವಾದ ವೇದಿಕೆಯೂ ಸಿದ್ಧವಾಗಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿತ್ತು, 1919ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಬೆಂಗಳೂರಿನಲ್ಲಿ ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆಯನ್ನು ಆರಂಭಿಸಿದ್ದರು. ಬಿಡಿಬಿಡಿಯಾಗಿ ಜನರ ಕಿವಿಗೆ ಬಿದ್ದ ಶ್ರೀಯವರ ಕವನಗಳು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಎಂಬ ಸಂಕಲನವಾಗಿ ಪ್ರಸಿದ್ಧವಾದುವು. ಷೆಲ್ಲಿ, ವರ್ಡ್ಸ್‌ವರ್ತ್, ಬರ್ನ್ಸ್, ಹುಡ್ ಮೊದಲಾದ ಕವಿಗಳ ರಚನೆಗಳೂ, ಕೆಲವು ಸ್ವಂತ ಕವನಗಳೂ ಅದರಲ್ಲಿ ಸೇರಿವೆ. ನ್ಯೂಮನ್ ಎಂಬ ಕ್ರೈಸ್ತ ಗುರುವಿನ ಪ್ರಾರ್ಥನಾಗೀತೆಯು ಶ್ರೀಯವರ ಕೈಯಲ್ಲಿ ಎಷ್ಟು ಕನ್ನಡವಾಯಿತೆಂದರೆ, ಅದರ ಮೂಲವು ಪರದೇಶದ್ದೆಂಬುದನ್ನು ಅರಿಯದೆಯೇ ಶಾಲೆಗಳಲ್ಲಿ ಮಕ್ಕಳು ಅದನ್ನು ಪ್ರಾರ್ಥನೆಯಾಗಿ ಹಾಡುತ್ತ ಬಂದಿದ್ದಾರೆ.

ಈ ಪುಸ್ತಕವು ಗಾತ್ರದಲ್ಲಿ ಚಿಕ್ಕದಾದರೂ ಮಾಡಿದ ಪರಿಣಾಮವು ದೊಡ್ಡದು. ಅದುವರೆಗೆ ಕನ್ನಡದ ಪದ್ಯವೆಂದರೆ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವು ಬರಬೇಕೆಂಬ ಆದಿಪ್ರಾಸದ ಕಟ್ಟು ಇತ್ತು. ಈ ಕಟ್ಟಿಗಾಗಿ ಕವಿಯು ಬೇಡದ ಪದಗಳನ್ನು ತುರುಕಬೇಕಾದ ಪ್ರಸಂಗಗಳು ಹಲವು. ಶ್ರೀಯವರು ಅದನ್ನು ಕಡ್ಡಾಯವೆಂದು ಎಣಿಸದೆ, ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ಹೊಸ ಹೊಸ ರೀತಿಯಲ್ಲಿ ಜೋಡಿಸಿ, ಪಾದದ ಕೊನೆಯಲ್ಲಿ ಪ್ರಾಸವನ್ನಿಟ್ಟು ಹಾಡಿದರು. ಇದನ್ನು ಕಂಡು ಸಂಪ್ರದಾಯಸ್ಥರು ಕೆಲವರು ಅಸಮಾಧಾನಪಟ್ಟರು. ಎರವಲು ಸರಕಿನಿಂದ ಸಾಹಿತ್ಯವು ಬೆಳೆಯಲಾರದೆಂಬ ಆಕ್ಷೇಪವೂ ಬಂದಿತು. ಆದರೆ ಮಾತ್ರಾಗಣಗಳ ನಡೆಯು ಪರದೇಶದಿಂದ ಬಂದುದಲ್ಲ. ಚಂಪೂಕಾವ್ಯದ ವೃತ್ತಗಳನ್ನು ಬಿಟ್ಟು ಶಿವಶರಣರ ಚರಿತ್ರೆಗಳನ್ನು ಹಾಡಿದ ಹರಿಹರನ ರಗಳೆಗಳಲ್ಲಿಯೂ, ರಾಘವಾಂಕನ ಷಟ್ಪದಿಗಳಲ್ಲಿಯೂ, ಜನಪದರ ಹಾಡುಗಳಲ್ಲಿಯೂ ಅದು ಶತಮಾನಗಳಿಂದ ಹರಿದುಬಂದಿತ್ತು. ಶ್ರೀಯವರು ಭಾವವನ್ನು ಹೊರಗಿನಿಂದ ತಂದರೂ ಅದಕ್ಕೆ ನಡಿಗೆಯನ್ನು ಮನೆಯೊಳಗಿಂದಲೇ ಕೊಟ್ಟರು. ಈ ವಿವೇಕವನ್ನು ಗ್ರಹಿಸಿದ ತರುಣ ಕವಿಗಳು ಅದೇ ದಾರಿಯಲ್ಲಿ ಮುಂದುವರಿದು ಸ್ವತಂತ್ರ ಕಾವ್ಯಗಳನ್ನು ರಚಿಸಿದರು. ನವೋದಯವೆಂದು ಹೆಸರಾದ ಸಾಹಿತ್ಯಯುಗಕ್ಕೆ ಈ ಚಿಕ್ಕ ಪುಸ್ತಕವು ಹೆಬ್ಬಾಗಿಲಾಯಿತು.

1926ನೆಯ ಇಸವಿಯು ಕನ್ನಡದ ಪಾಲಿಗೆ ವಿಶೇಷ ಫಲಪ್ರದವಾದ ವರ್ಷ. ವಚನ ಸಾಹಿತ್ಯದ ಸಂಶೋಧನೆ ಮತ್ತು ಪ್ರಕಟನೆಗಳಿಗಾಗಿ ಸರ್ವಸ್ವವನ್ನೂ ಅರ್ಪಿಸಿದ ಫ. ಗು. ಹಳಕಟ್ಟಿಯವರು ಆ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಅದೇ ವರ್ಷ ಶ್ರೀಯವರ ‘ಇಂಗ್ಲಿಷ್ ಗೀತಗಳು’ ಸಂಕಲನವೂ, ರನ್ನ ಮಹಾಕವಿಯ ಚಂಪೂಕಾವ್ಯವನ್ನು ರಂಗಕ್ಕೆ ಒಗ್ಗುವಂತೆ ಅಳವಡಿಸಿದ ‘ಗದಾಯುದ್ಧ ನಾಟಕಂ’ ಎಂಬ ಕೃತಿಯೂ ಹೊರಬಂದುವು. ಒಬ್ಬರು ತಾಳೆಯ ಗರಿಗಳಲ್ಲಿ ಅಡಗಿದ್ದ ಹಳೆಯ ನಿಧಿಯನ್ನು ಅಚ್ಚಿಗೆ ತಂದರು. ಇನ್ನೊಬ್ಬರು ಹೊಸ ನಿಧಿಗೆ ಅಡಿಪಾಯ ಹಾಕಿದರು. ಒಬ್ಬರು ವಿಜಯಪುರದಲ್ಲಿ, ಒಬ್ಬರು ಮೈಸೂರಿನಲ್ಲಿ. ದಾರಿ ಬೇರೆಯಾದರೂ ಸೇವೆಯು ಒಂದೇ ತಾಯಿಗೆ ಸಂದಿತು.

ಆ ವರ್ಷವೇ ಶ್ರೀಯವರು ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಪದವಿಗೆ ನೇಮಕಗೊಂಡು, 1930ರವರೆಗೆ ಆ ಅಧಿಕಾರದಲ್ಲಿದ್ದರು. ಅಧಿಕಾರವು ಬಂದಾಗ ಮನುಷ್ಯನ ಗುಣವು ಹೊರಬೀಳುತ್ತದೆ. ಕಡತಗಳ ನಡುವೆ ಕುಳಿತು ಕವಿಯು ಕಳೆದುಹೋದನೆಂದು ಹೇಳುವಂತಾಗದೆ, ಕವಿಯ ಕನಸೇ ಕಡತವನ್ನು ಹೊಕ್ಕು ಆಜ್ಞೆಯಾಗಿ ಹೊರಬಂದಿತು. ಬ್ರಜೇಂದ್ರನಾಥ ಸೀಲ್ ಅವರು ಉಪಕುಲಪತಿಗಳಾಗಿದ್ದ ಆ ಕಾಲದಲ್ಲಿ, 1927ರಲ್ಲಿ, ಕನ್ನಡ ಎಂ.ಎ. ತರಗತಿಯು ಮೈಸೂರಿನಲ್ಲಿ ಆರಂಭವಾಯಿತು. ಇದರ ಹಿಂದೆ ಶ್ರೀಯವರ ಪ್ರಯತ್ನವು ಮುಖ್ಯವಾಗಿತ್ತು. ಇಂಗ್ಲಿಷಿಗೂ ತತ್ತ್ವಶಾಸ್ತ್ರಕ್ಕೂ ಚರಿತ್ರೆಗೂ ಇದ್ದ ಪೀಠವು ಕನ್ನಡಕ್ಕೂ ದೊರೆಯಿತು. ಕನ್ನಡದಲ್ಲಿ ಸ್ನಾತಕೋತ್ತರ ಪದವಿಯು ತಮಗೆ ದೊರೆಯದಿದ್ದ ಶ್ರೀಯವರು ಮುಂದಿನ ಪೀಳಿಗೆಗೆ ಅದು ದೊರೆಯುವಂತೆ ಮಾಡಿದರು. ಇಂಗ್ಲಿಷಿನ ಪಾಠದೊಂದಿಗೆ ಕನ್ನಡದ ತರಗತಿಗಳಲ್ಲಿಯೂ ಪಾಠ ಹೇಳುವ ಹೊಣೆಯನ್ನು ಅವರು ಸಂತೋಷದಿಂದ ಹೊತ್ತರು.

ಆ ತರಗತಿಯ ಮೊದಲ ತಂಡದಲ್ಲಿಯೇ ಕುವೆಂಪು ಅವರೂ ಡಿ. ಎಲ್. ನರಸಿಂಹಾಚಾರ್ಯರೂ ಇದ್ದರು, 1929ರಲ್ಲಿ ಅವರು ಪದವಿಯನ್ನು ಪಡೆದು ಹೊರಬಂದರು. ಕುವೆಂಪು ಅವರು ಮುಂದೆ 1956ರಿಂದ 1960ರವರೆಗೆ ಅದೇ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯಕ್ಕಾಗಿ ಜ್ಞಾನಪೀಠ ಪ್ರಶಸ್ತಿಯನ್ನು ಕನ್ನಡಕ್ಕೆ ಮೊತ್ತಮೊದಲು ತಂದರು. ನರಸಿಂಹಾಚಾರ್ಯರು ಚಿಕ್ಕನಾಯಕನಹಳ್ಳಿಯವರು, ‘ವಡ್ಡಾರಾಧನೆ’ಯನ್ನು ಶಾಸ್ತ್ರೀಯವಾಗಿ ಸಂಪಾದಿಸಿ, ಗ್ರಂಥ ಸಂಪಾದನೆಗೆ ಮಾರ್ಗದರ್ಶಕವಾದ ಪುಸ್ತಕವನ್ನು ಬರೆದು ಕೀರ್ತಿಶೇಷರಾದರು. ಶ್ರೀಯವರ ಶಿಷ್ಯರಲ್ಲಿ ಇನ್ನೊಬ್ಬರಾದ ತೀ. ನಂ. ಶ್ರೀಕಂಠಯ್ಯನವರು ಅದೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. 1953ರಲ್ಲಿ ಪ್ರಕಟವಾದ ಅವರ ‘ಭಾರತೀಯ ಕಾವ್ಯಮೀಮಾಂಸೆ’ಯು ಕನ್ನಡದ ಶಾಸ್ತ್ರಗ್ರಂಥಗಳಲ್ಲಿ ಅಗ್ರಸ್ಥಾನದಲ್ಲಿದೆ. ಹೀಗೆ ತೆಂಗಿನ ಸೀಮೆಯಲ್ಲಿ ಹುಟ್ಟಿದ ಗುರುವಿಗೆ ಅದೇ ಸೀಮೆಯ ಇಬ್ಬರು ಶಿಷ್ಯರು ದೊರೆತು, ಮೂವರೂ ಕನ್ನಡ ವಿದ್ವತ್ತಿನ ಆಧಾರಸ್ತಂಭಗಳಾದುದು ಆ ನೆಲದ ಪುಣ್ಯ. ಆಶ್ರಮದಲ್ಲಿ ತನ್ನದಲ್ಲದ ಶಿಶುವನ್ನು ಮಗಳೆಂದೇ ಸಾಕಿದ ಋಷಿಗೆ ಹೋಲಿಸಿ, ಶ್ರೀಯವರನ್ನು ಕನ್ನಡದ ಕಣ್ವರೆಂದು ನಾಡಿನವರು ಕರೆದುದು ಉಚಿತವಾಗಿಯೇ ಇದೆ.

1928ರಲ್ಲಿ ಕಲಬುರ್ಗಿಯಲ್ಲಿ ನೆರೆದ 14ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಶ್ರೀಯವರು ಅಧ್ಯಕ್ಷರಾದರು. ಶರಣಬಸವೇಶ್ವರರ ಸನ್ನಿಧಾನದಿಂದ ಪುನೀತವಾದ ಆ ನಗರವು ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತವೂ ಉನ್ನತ ಶಿಕ್ಷಣವೂ ಉರ್ದುವಿನಲ್ಲಿ ನಡೆಯುತ್ತಿದ್ದ ಆ ಭಾಗದಲ್ಲಿ ಕನ್ನಡಿಗರ ಸಮ್ಮೇಳನವು ನಡೆದುದೇ ದೊಡ್ಡ ಸಂಗತಿ. ಮೈಸೂರು, ಮುಂಬಯಿ, ಮದರಾಸು, ಹೈದರಾಬಾದುಗಳೆಂದು ಹರಿದು ಹಂಚಿಹೋಗಿದ್ದ ನಾಡನ್ನು ಭಾಷೆಯೊಂದೇ ಕೂಡಿಸಬಲ್ಲದೆಂಬ ಭಾವನೆಯು ಇಂತಹ ಸಮ್ಮೇಳನಗಳಿಂದ ಬಲಗೊಂಡಿತು. ಆ ಅಧ್ಯಕ್ಷಪೀಠವು ಶ್ರೀಯವರಿಗೆ ಸಂದ ಮೊದಲ ದೊಡ್ಡ ಸಾರ್ವಜನಿಕ ಗೌರವ.

ನಾಟಕ ರಚನೆಯಲ್ಲಿ ಅವರು ಹಿಡಿದ ದಾರಿಯು ಇನ್ನೂ ಸಾಹಸದ್ದು. ಗ್ರೀಕರ ದುರಂತ ನಾಟಕಗಳಲ್ಲಿ, ಮಹಾಪುರುಷನೊಬ್ಬನು ತನ್ನದೇ ದೋಷದಿಂದಲೂ ವಿಧಿಯ ಕೈವಾಡದಿಂದಲೂ ನಾಶಹೊಂದುವುದನ್ನು ಕಂಡು ಪ್ರೇಕ್ಷಕರ ಹೃದಯವು ಕರುಣೆಯಿಂದ ಶುದ್ಧವಾಗುತ್ತದೆ. ಮಂಗಳಾಂತ್ಯವನ್ನೇ ಬಯಸುವ ಭಾರತೀಯ ನಾಟಕಗಳಲ್ಲಿ ಈ ಬಗೆಯು ಅಪೂರ್ವ. ರನ್ನನ ದುರ್ಯೋಧನನಲ್ಲಿ ಅಂತಹ ಮಹಿಮೆಯನ್ನು ಕಂಡು ಅವರು ಮೊದಲನೆಯ ನಾಟಕವನ್ನು ಕಟ್ಟಿದರು. ಸಾಫೊಕ್ಲೀಸನ ‘ಅಯಾಸ್’ ನಾಟಕವನ್ನು ಮಾದರಿಯಾಗಿರಿಸಿಕೊಂಡು, ಮಹಾಭಾರತದ ವಸ್ತುವಿಗೆ ಹೊಂದಿಸಿ, ಪ್ರೌಢವಾದ ಹಳೆಯ ಕನ್ನಡದ ಛಾಯೆಯಲ್ಲಿ ‘ಅಶ್ವತ್ಥಾಮನ್’ ನಾಟಕವನ್ನು 1929ರಲ್ಲಿ ಪ್ರಕಟಿಸಿದರು. ಚಿರಂಜೀವಿಯೆಂದು ಪುರಾಣಗಳು ಸಾರುವ ಅಶ್ವತ್ಥಾಮನು ಈ ನಾಟಕದಲ್ಲಿ ಪ್ರಾಣತ್ಯಾಗ ಮಾಡುತ್ತಾನೆ. ಪುರಾಣದ ಕಥೆಯನ್ನು ಹೀಗೆ ಮಾರ್ಪಡಿಸಬಹುದೆ ಎಂಬ ಚರ್ಚೆಯು ವಿದ್ವಾಂಸರಲ್ಲಿ ಬಹುಕಾಲ ನಡೆಯಿತು. ಶ್ರದ್ಧಾವಂತರಿಗೆ ಆ ಮಾರ್ಪಾಟು ಹಿಡಿಸದಿದ್ದುದು ಸಹಜ. ಆದರೂ ಕೃತಿಯ ಗಾಂಭೀರ್ಯವನ್ನು ಆಕ್ಷೇಪಿಸಿದವರೂ ಅಲ್ಲಗಳೆಯಲಾರರು. 1935ರಲ್ಲಿ ಈಸ್ಕಿಲಸನ ನಾಟಕವು ‘ಪಾರಸಿಕರು’ ಎಂಬ ಹೆಸರಿನಿಂದ ಅವರ ಕನ್ನಡದಲ್ಲಿ ಬಂದಿತು.

ಪಂಡಿತರಿಗಾಗಿ ನಾಟಕಗಳನ್ನು ಬರೆದಂತೆಯೇ ಸಾಮಾನ್ಯ ಜನರ ಶಿಕ್ಷಣದಲ್ಲಿಯೂ ಅವರಿಗೆ ಸಮಾನವಾದ ಆಸಕ್ತಿಯಿತ್ತು. ವಿಶ್ವವಿದ್ಯಾನಿಲಯದ ಜ್ಞಾನವು ಕಾಲೇಜಿನ ಕಟ್ಟಡದೊಳಗೆ ಕೊಳೆಯದೆ ಹಳ್ಳಿಪಟ್ಟಣಗಳಿಗೆ ಹರಿಯಬೇಕೆಂಬುದು ಅವರ ಹಂಬಲ. ಊರೂರಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸಗಳನ್ನು ಮಾಡಿದರು. ವ್ಯಾಕರಣ, ಛಂದಸ್ಸು, ಸಾಹಿತ್ಯ ಚರಿತ್ರೆಗಳನ್ನು ಸುಲಭವಾಗಿ ತಿಳಿಸುವ ‘ಕನ್ನಡ ಕೈಪಿಡಿ’ಯ ಯೋಜನೆಯಲ್ಲಿ ಅವರದು ಪ್ರಧಾನ ಪಾತ್ರ. ಕನ್ನಡದ ಹಿರಿಮೆಯನ್ನು ಹಾಡಿದ ಕವನಗಳನ್ನು ಸಂಗ್ರಹಿಸಿ ‘ಕನ್ನಡ ಬಾವುಟ’ವೆಂಬ ಸಂಕಲನವನ್ನು ಹೊರತಂದರು. ವಿಶ್ವವಿದ್ಯಾನಿಲಯವು ಕೈಗೊಂಡ ಇಂಗ್ಲಿಷ್–ಕನ್ನಡ ನಿಘಂಟಿನ ಸಂಪಾದನೆಯಲ್ಲಿಯೂ ಹೊಣೆ ಹೊತ್ತು ದುಡಿದರು. 1938ರಿಂದ 1942ರವರೆಗೆ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಆ ಸಂಸ್ಥೆಗೆ ನವಚೈತನ್ಯವನ್ನು ತುಂಬಿದರು. 1915ರಲ್ಲಿ ಕರ್ಣಾಟಕ ಸಾಹಿತ್ಯ ಪರಿಷತ್ತೆಂದು ಹುಟ್ಟಿದ ಸಂಸ್ಥೆಯು ಕನ್ನಡ ಸಾಹಿತ್ಯ ಪರಿಷತ್ತೆಂಬ ಹೆಸರನ್ನು ತಾಳಿದುದೂ, ‘ಕನ್ನಡ ನುಡಿ’ ಪತ್ರಿಕೆಯು ಹುಟ್ಟಿದುದೂ ಅವರ ಕಾಲದಲ್ಲಿಯೇ.

ಇಷ್ಟು ಸೇವೆಗೆ ಗೌರವಗಳು ತಾವಾಗಿಯೇ ಹುಡುಕಿಕೊಂಡು ಬಂದುವು. 1938ರಲ್ಲಿ ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರವರು ‘ರಾಜಸೇವಾಸಕ್ತ’ ಎಂಬ ಬಿರುದನ್ನಿತ್ತು ಮನ್ನಿಸಿದರು. 1941ರಲ್ಲಿ ಶಿಷ್ಯರೂ ಮಿತ್ರರೂ ವಿದ್ವಾಂಸರೂ ಕೂಡಿ ‘ಸಂಭಾವನೆ’ಯೆಂಬ ಗ್ರಂಥವನ್ನು ರಚಿಸಿ ಅವರಿಗೆ ಅರ್ಪಿಸಿದರು. ಹಿರಿಯರೊಬ್ಬರಿಗೆ ಹಾರ ತುರಾಯಿಗಳ ಬದಲು ವಿದ್ವತ್ಪೂರ್ಣವಾದ ಗ್ರಂಥವನ್ನೇ ಕಾಣಿಕೆಯಾಗಿ ಸಲ್ಲಿಸುವ ಸತ್ಸಂಪ್ರದಾಯಕ್ಕೆ ಕನ್ನಡದಲ್ಲಿ ಈ ಗ್ರಂಥವು ಮೇಲ್ಪಂಕ್ತಿಯಾಯಿತು. ರಾಜನಿತ್ತ ಬಿರುದಿಗಿಂತ ಶಿಷ್ಯರಿತ್ತ ಸಂಭಾವನೆಯು ಗುರುವಿಗೆ ಹೆಚ್ಚಿನದೆಂಬುದನ್ನು ಪಾಠ ಹೇಳಿದವರೆಲ್ಲರೂ ಬಲ್ಲರು.

ಇಂತಹವರು ಬರೆದ ಪುಸ್ತಕಗಳೆಷ್ಟೆಂದು ಲೆಕ್ಕ ಹಾಕಿದರೆ ಅವು ಬಹಳ ಕಡಿಮೆ. ಸ್ವಂತ ಕವನಗಳ ಸಂಕಲನವಾದ ‘ಹೊಂಗನಸುಗಳು’ ಪ್ರಕಟವಾದುದು 1943ರಲ್ಲಿ. ಆಗ ಅವರಿಗೆ ವಯಸ್ಸು 59. ಇತರರು ವರ್ಷಕ್ಕೊಂದು ಪುಸ್ತಕವನ್ನು ಅಚ್ಚು ಹಾಕಿಸುತ್ತಿದ್ದಾಗ, ಅವರ ದಿನಗಳು ಸಭೆ, ಸಮಿತಿ, ಪಾಠ, ಪ್ರವಾಸಗಳಲ್ಲಿ ಕಳೆದುವು. ಸ್ವಂತ ಕಾವ್ಯಕ್ಕೆ ಸಲ್ಲಬೇಕಾದ ಶಕ್ತಿಯು ಪರರ ಕಾವ್ಯಕ್ಕೆ ನೆಲ ಹಸನು ಮಾಡುವುದರಲ್ಲಿ ವ್ಯಯವಾಯಿತು. ಇದು ನಷ್ಟವೆ, ಲಾಭವೆ ಎಂಬ ಪ್ರಶ್ನೆಯು ಏಳುತ್ತದೆ. ತೆಂಗಿನ ಸಸಿಯನ್ನು ನೆಟ್ಟವನು ಅನೇಕ ವರ್ಷ ನೀರೆರೆದು ಕಾಯುತ್ತಾನೆ. ಕಾಯಿ ಕಿತ್ತು ಅಟ್ಟಕ್ಕೇರಿಸಿದ ಮೇಲೂ ನೀರು ಬತ್ತಿ ಕೊಬ್ಬರಿಯಾಗಲು ತಿಂಗಳುಗಳು ಬೇಕು. ಅಷ್ಟರಲ್ಲಿ ಫಲವು ಮಗನಿಗೋ ಮೊಮ್ಮಗನಿಗೋ ಸಲ್ಲಬಹುದು. ಆದರೂ ಆ ಸೀಮೆಯ ರೈತನು ಸಸಿ ನೆಡುವುದನ್ನು ಬಿಟ್ಟವನಲ್ಲ. ಶ್ರೀಯವರ ಲೆಕ್ಕಾಚಾರವೂ ಅಂತಹುದೇ. ತಾವು ಬರೆಯದೆ ಬಿಟ್ಟ ಪುಸ್ತಕಗಳನ್ನು ಶಿಷ್ಯರಿಂದ ಬರೆಯಿಸಿದ ತೃಪ್ತಿಯು ಅವರದಾಯಿತು.

ಮೈಸೂರಿನ ಸೇವೆಯಿಂದ ನಿವೃತ್ತರಾದ ಮೇಲೆ ವಿಶ್ರಾಂತಿಯನ್ನು ಬಯಸಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಆದರೆ 1944ರಲ್ಲಿ ಧಾರವಾಡದ ಕರ್ನಾಟಕ ಶಿಕ್ಷಣ ಮಂಡಲಿಯವರು ತಮ್ಮ ಕಲಾ ಕಾಲೇಜಿಗೆ ಪ್ರಾಂಶುಪಾಲರಾಗಿ ಬರಬೇಕೆಂದು ಕೋರಿದಾಗ, ಅರುವತ್ತರ ವಯಸ್ಸಿನಲ್ಲಿ ಊರು ಬಿಟ್ಟು ಅಲ್ಲಿಗೆ ತೆರಳಿದರು. ತರುಣರಾಗಿ ಕನ್ನಡದ ಏಳಿಗೆಯನ್ನು ಕುರಿತು ಮಾತನಾಡಿದ ಊರಿಗೆ, ಆ ಏಳಿಗೆಯನ್ನು ಕಣ್ಣಾರೆ ಕಂಡ ವೃದ್ಧರಾಗಿ ಹಿಂದಿರುಗಿದರು. ಹಳೆಯ ಮೈಸೂರಿಗೂ ಮುಂಬಯಿ ಕರ್ನಾಟಕಕ್ಕೂ ನಡುವೆ ಅವರು ಜೀವಂತ ಸೇತುವೆಯಂತಿದ್ದರು. ಅಲ್ಲಿಯೇ 1946ರ ಜನವರಿ 5ರಂದು, 62 ವರ್ಷಗಳು ತುಂಬಿದ ಎರಡನೆಯ ದಿನ, ಅವರು ದೇಹವನ್ನು ತ್ಯಜಿಸಿದರು. ಅವರು ದುಡಿದಿದ್ದ ನಿಘಂಟು ಅದೇ ವರ್ಷ ಪ್ರಕಟವಾಯಿತು. ಅವರ ‘ಕನ್ನಡ ಸಾಹಿತ್ಯ ಚರಿತ್ರೆ’ಯು ಮರುವರ್ಷ ಪುಸ್ತಕವಾಗಿ ಬಂದಿತು. ಕರ್ನಾಟಕದ ಏಕೀಕರಣವು 1956ರಲ್ಲಿ ಸಿದ್ಧಿಸಿದಾಗ ಅದನ್ನು ನೋಡಲು ಅವರಿರಲಿಲ್ಲ.

ಅವರ ಶಿಷ್ಯರಾದ ಎಂ. ವಿ. ಸೀತಾರಾಮಯ್ಯನವರು 1979ರಲ್ಲಿ ಬೆಂಗಳೂರಿನಲ್ಲಿ ಬಿ. ಎಂ. ಶ್ರೀ. ಸ್ಮಾರಕ ಪ್ರತಿಷ್ಠಾನವನ್ನು ಸ್ಥಾಪಿಸಿ, ಸಂಶೋಧನೆ, ಹಸ್ತಪ್ರತಿ ಸಂರಕ್ಷಣೆ, ಗ್ರಂಥ ಪ್ರಕಟನೆಗಳ ಮೂಲಕ ಗುರುವಿನ ಋಣವನ್ನು ತೀರಿಸುವ ಮಾರ್ಗವನ್ನು ತೋರಿದರು. ಇಂದು ವಿಶ್ವವಿದ್ಯಾನಿಲಯಗಳಲ್ಲಿ ಕನ್ನಡದ ಪದವಿಯನ್ನು ಪಡೆಯುವವರೂ, ಆದಿಪ್ರಾಸದ ಕಟ್ಟಿಲ್ಲದೆ ಕವನ ಬರೆಯುವವರೂ, ಅರಿತೋ ಅರಿಯದೆಯೋ ಸಂಪಿಗೆಯಲ್ಲಿ ಜನಿಸಿದ ಈ ಮಹನೀಯರಿಗೆ ಋಣಿಗಳು.

ಮಕ್ಕಳಿಗೆ ಇಂಗ್ಲಿಷನ್ನು ಕಲಿಸಬೇಕೆ, ಕನ್ನಡವನ್ನು ಕಲಿಸಬೇಕೆ ಎಂಬ ಚಿಂತೆಯು ಇಂದಿಗೂ ಗೃಹಸ್ಥರನ್ನು ಕಾಡುತ್ತಿದೆ. ಶ್ರೀಯವರ ಜೀವಿತವು ಇದಕ್ಕೆ ಉತ್ತರವನ್ನು ಕೊಡುತ್ತದೆ. ಅವರು ಇಂಗ್ಲಿಷನ್ನು ದ್ವೇಷಿಸಲಿಲ್ಲ, ಅದರಲ್ಲಿ ಪಾರಂಗತರಾದರು. ಆದರೆ ಅಲ್ಲಿ ಗಳಿಸಿದುದನ್ನು ಅಲ್ಲಿಯೇ ಬಿಡದೆ ತಾಯಿಯ ಮನೆಗೆ ತಂದರು. ಹೊರಗೆ ಕಲಿತ ವಿದ್ಯೆಯನ್ನು ಮನೆಗೆ ತರುವ ಮಗನಿಂದ ಮನೆಯು ಬೆಳಗುತ್ತದೆ. ಹೊರಗಿನ ವಿದ್ಯೆಯಿಂದ ಮನೆಯನ್ನೇ ಮರೆಯುವ ಮಗನಿಂದ ಅದು ಬಡವಾಗುತ್ತದೆ. ಈ ಭೇದವನ್ನು ತಿಳಿದು ಮಕ್ಕಳನ್ನು ಬೆಳೆಸುವುದೇ ಅಂತಹ ಆಚಾರ್ಯರಿಗೆ ಸಲ್ಲಿಸತಕ್ಕ ನಿಜವಾದ ಗೌರವ.